ಗೋಪುರದ ಮುಂದೆ ಕೈ ಬೀಸಿದ್ದು

ನಮ್ಮ ಸಸ್ಕ್ಯಾಚವಾನ್ ಗೋಧಿ ಬಯಲಿನ ಕಡೆ ರಸ್ತೆ ಪಕ್ಕ ಗಾಡಿ ನಿಲ್ಲಿಸ್ಕೊಂಡು ನೆಮ್ಮದಿಯಾಗಿ ಸಾಯೋಕೂ ಆಗಲ್ಲ ಕಣ್ರೀ. ಯಾರಾದ್ರೂ ಬಂದು "ಏನ್ ಕೆಟ್ಟೋಯ್ತು?" ಅಂತ ಕೇಳೇ ಕೇಳ್ತಾರೆ. ನಾನು ಹಾಳಾಗಿದ್ದೇ ಈ ಒಳ್ಳೇತನದಿಂದ.

ನಮ್ಮೂರ ಬೆಂಕಿ ಆರಿಸೋ ದಳದವ್ರು ವರ್ಷಾ ವರ್ಷಾ ಕ್ಯಾಲೆಂಡರ್ ಮಾಡಿಸ್ತಾರೆ. ಊರವರು ತೆಗೆದ ಫೋಟೋನೇ ಹಾಕೋದು. ಮುಖಪುಟ ಮಾತ್ರ ಯಾವಾಗ್ಲೂ ನನ್ ಹೆಂಡ್ತಿ ಐರೀನ್ ತಮ್ಮ ತಾರಸ್‌ದೇ. ಭಾನುವಾರ ಊಟಕ್ಕೆ ಬಂದು, ನನ್ ತಟ್ಟೆಯಿಂದ್ಲೇ ಪೆರೊಗಿ ಕಡುಬು ಎತ್ಕೊಂಡು, "ಭಾವ, ನಿಂದು ಈ ಸಲಾನೂ ಟ್ರ್ಯಾಕ್ಟರ್ ಜಾಹೀರಾತಿನ ಪಕ್ಕ ಅಂಚೆಚೀಟಿಯಷ್ಟು ಬರುತ್ತೆ ಬಿಡು" ಅಂತಾನೆ.

ಈ ಸಲ ಮುಖಪುಟ ನಂದೇ ಅಂದ್ಕೊಂಡೆ. ರೈಲು ಹಳಿ ಹತ್ರ ಗೋಧಿ ತುಂಬೋ ಹಳೇ ಮರದ ಗೋಪುರ ಇದೆಯಲ್ಲ, ಸಂಜೆ ಬಿಸಿಲು ಬಿದ್ರೆ ಚಿನ್ನದ ಹಲ್ಲಿನಂಗೆ ಹೊಳೆಯುತ್ತೆ. ಸೋಮವಾರ ಅದನ್ನ ಕೆಡವೋರಿದ್ರು. ಫೋಟೋ ಕೊಡೋಕೆ ಶನಿವಾರ ಸಂಜೆ ಏಳೇ ಕೊನೆ.

ಶುಕ್ರವಾರ ಹೋಗಿ ಕ್ಯಾಮೆರಾ ಸ್ಟ್ಯಾಂಡ್ ನಿಲ್ಲಿಸ್ದೆ. ಬಿಸಿಲು ಬೀಳೋ ಹೊತ್ತಿಗೆ ಸರಿಯಾಗಿ ಪಕ್ಕದ ಹೊಲದ ವಾಲ್ಟರ್ ಪಿಕಪ್ ತಂದು ಅಡ್ಡ ನಿಲ್ಲಿಸ್ದ.

"ಪೆಟ್ರೋಲ್ ಖಾಲಿನಾ, ನಿಕ್?"

"ಇಲ್ಲ ಮಾರಾಯ, ಫೋಟೋ ತೆಗೀತಿದ್ದೀನಿ!"

"ಯಾರ್ದು? ಯಾರೂ ಇಲ್ವಲ್ಲ ಇಲ್ಲಿ!"

ಅವನ ಹಿಂದೆ ಮುದುಕಿ ಎಲ್ಸಿ. ಅವಳ ಹಿಂದೆ ಸರಪಳಿ ಹಿಡ್ಕೊಂಡು ಇನ್ನೊಬ್ಬ. ನಾನು ಬೇಡ ಬೇಡ ಅನ್ನೋದ್ರೊಳಗೆ ನೆಟ್ಟಗಿದ್ದ ನನ್ ಗಾಡೀನ ಕಟ್ಟಿ ಊರ ಕಡೆ ಎಳ್ಕೊಂಡು ಹೊರಟೇಬಿಟ್ಟ. ಜಲ್ಲಿ ರಸ್ತೆ ಧೂಳು ಎಷ್ಟೆದ್ದಿತ್ತು ಅಂದ್ರೆ, ಒಂದು ಕಾಗೆ ಹಾರೋಕಾಗ್ದೆ ಬೇಲಿ ಹಿಡ್ಕೊಂಡು ನಡ್ಕೊಂಡೋಯ್ತು. ಧೂಳು ಕೂರೋ ಹೊತ್ತಿಗೆ ಬಿಸಿಲೂ ಹೋಗಿತ್ತು.

ಶನಿವಾರ ಒಂದು ಹಲಗೆ ಮೇಲೆ ಬರೆದು ನೆಟ್ಟೆ: "ಗಾಡಿ ಕೆಟ್ಟಿಲ್ಲ. ಫೋಟೋ ತೆಗೀತಿದ್ದೀನಿ. ಮುಂದೆ ಹೋಗಿ." ಕಾಫಿ ಅಂಗಡೀಲೂ, ನಿಲ್ಲಿಸಿದೋರ ಟೈರ್ ಕುಯ್ತೀನಿ ಅಂತ ಕೂಗಿ ಬಂದಿದ್ದೆ. ನನ್ ಗಾಡಿ ಫೋಟೋದಲ್ಲಿ ಬೀಳಬಾರ್ದು ಅಂತ ರಸ್ತೆ ಪಕ್ಕದ ತಗ್ಗಿಗೆ ಇಳಿಸ್ದೆ.

ಎಲ್ರೂ ಒಂದು ಕೈ ಬೀಸಿ ಸುಮ್ನೆ ಹೋದ್ರು. ಬಿಸಿಲು ಬಿತ್ತು. ಟಕ್! ಅಂಥ ಫೋಟೋ ದೇವರೂ ತೆಗೆದಿಲ್ಲ.

ಆರೂವರೆ. ಓಡಿ ಗಾಡಿ ಹತ್ತಿದೆ. ಮೇಲೆ ಒಣಗಿದಂಗೆ ಕಂಡಿದ್ದ ತಗ್ಗಿನ ಅಡಿಯೆಲ್ಲ ಕೆಸರು; ಚಕ್ರ ಗಿರ್ರಂತ ತಿರುಗಿ ಅದ್ರಲ್ಲೇ ಕೂತ್ಬಿಡ್ತು. ಫೋನು ಮನೇಲಿ ಚಾರ್ಜಿಗೆ ಹಾಕಿದ್ದೆ.

ವಾಲ್ಟರ್ ಬಂದ. ಎರಡೂ ಕೈ ಎತ್ತಿ ಬೀಸ್ದೆ. ಅವ್ನೂ ನಗ್ತಾ ಬೀಸಿ ಹೋದ. ಹಲಗೇನ ಒದ್ದು ಕೆಡವಿ ಎಲ್ಸಿ ಕಾರಿನ ಮುಂದೆ ಕುಣಿದೆ. "ನಿಲ್ಲಿಸಲ್ಲಪ್ಪ, ನನ್ ಟೈರ್ ಹೊಸಾವು!" ಅಂತ ಕಿಟಕಿಯಿಂದ ಕೂಗಿ, ನನ್ನ ಸುತ್ತು ಹಾಕ್ಕೊಂಡು ಹೋದ್ಲು. ಕೊನೆಗೆ ತಾರಸ್ ಬಂದ. ನಿಧಾನ ಮಾಡ್ದ. ಬದುಕ್ಕೊಂಡೆ ಅಂದ್ಕೊಂಡೆ. ಅವನು ಕ್ಯಾಮೆರಾ ಹೊರಗೆ ಚಾಚಿ ಟಕ್ ಅನ್ಸಿ, "ಎಷ್ಟ್ ಚೆನ್ನಾಗಿ ಕುಣೀತೀಯ ಭಾವ!" ಅಂದು ಹೊರಟೇಹೋದ.

ಐರೀನ್ ಹುಡುಕ್ಕೊಂಡು ಬಂದು, ನಾವು ಊರು ಮುಟ್ಟಿದಾಗ ಏಳು ದಾಟಿತ್ತು. ದಳದ ಡಾರ್ಲೀನ್ ಬೀಗ ಹಾಕ್ತಿದ್ಲು.

"ಗೋಪುರದ ಫೋಟೋ ತಂದಿದ್ದೀನಿ ಕಣೇ!"

"ಗೋಪುರದ್ದು ಆಗ್ಲೇ ಒಂದು ಬಂದಿದೆ ನಿಕ್. ಏನ್ ಜೀವ ಇದೆ ಗೊತ್ತಾ ಅದ್ರಲ್ಲಿ!"



ಈಗ ತಾರಸ್ ತೆಗೆದ ಕ್ಯಾಲೆಂಡರ್ ಮುಖಪುಟದಲ್ಲಿ ವರ್ಷ ಪೂರ್ತಿ ಊರಿನ ಎಲ್ಲಾ ಅಡುಗೆಮನೇಲೂ ನೇತಾಡ್ತಿದ್ದೀನಿ. ಹಿಂದೆ ಚಿನ್ನದಂಥ ಗೋಪುರ, ಮುಂದೆ ಮಂಡಿವರೆಗೂ ಕೆಸರಾಗಿರೋ ನಾನು, ಎರಡೂ ಕೈ ಮೇಲೆ. ಕೆಳಗೆ "ನಮ್ಮೂರಿಗೆ ಸ್ವಾಗತ" ಅಂತ ಬೇರೆ ಹಾಕಿದ್ದಾರೆ. ಬೇಡ ಬೇಡ ಅಂದ್ರೂ ಐರೀನ್ ಒಂದನ್ನ ಫ್ರಿಜ್ ಪಕ್ಕಾನೇ ತೂಗುಹಾಕಿದ್ದಾಳೆ. ಹಾಲು ತಗೋಳೋಕೆ ಹೋದಾಗೆಲ್ಲ ನನಗೆ ನಾನೇ ಕೈ ಬೀಸ್ತಿರ್ತೀನಿ.