ಪರೀಕ್ಷೆಯ ರೋಗಿ

ಬೆಳಗಿನಿಂದ ಹದಿಮೂರು ಜನ ವಿದ್ಯಾರ್ಥಿಗಳು ಭಾಮಾಗೆ ವಿಶ್ರಾಂತಿ ತೆಗೆದುಕೊಳ್ಳಲು ಹೇಳಿದ್ದರು. ಹದಿಮೂರು ಜನವೂ ಅದನ್ನು ಹೇಳಿದ್ದು ಸಾವಿತ್ರಿಬಾಯಿಗೆ.

ಸಾವಿತ್ರಿಬಾಯಿ ಎಂಬವಳು ಇರಲೇ ಇಲ್ಲ. ಮರಾಠಿ ನಾಡಿನ ಹಡಪಸರದ ವೈದ್ಯಕೀಯ ಕಾಲೇಜಿನ ಪರೀಕ್ಷೆಗೆ ಬರೆದಿಟ್ಟ ಹಾಳೆಯಲ್ಲಿ ಮಾತ್ರ ಇದ್ದಳು: ವಯಸ್ಸು ನಲವತ್ತೆಂಟು, ನಿನ್ನೆ ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟು, ಒಂದು ಸಲ ವಾಂತಿ, ಸ್ಕ್ಯಾನ್ ನಾರ್ಮಲ್. ಭಾಮಾಳ ನಿತ್ಯದ ಕೆಲಸ ತರಬೇತಿ ಕೋಣೆಯ ಪ್ಲಾಸ್ಟಿಕ್ ಗೊಂಬೆಗಳನ್ನು ಒರೆಸಿಡುವುದು. ರೋಗಿಯೇ ಮಾತಾಡಿ ತಿಳಿಸಬೇಕಾದ ಕಾಯಿಲೆ ಪರೀಕ್ಷೆಗೆ ಬಂದಾಗ ಗೊಂಬೆಯ ಬದಲು ಅವಳನ್ನು ಮಂಚದ ಮೇಲೆ ಕೂರಿಸುತ್ತಿದ್ದರು. ಮೂರು ವರ್ಷದಿಂದ ಅವಳೇ ಸಾವಿತ್ರಿಬಾಯಿ.

ಹತ್ತು ದಿನದ ಹಿಂದೆ ಮನೆಯಲ್ಲಿ ನೆಲ ಒರೆಸಿ ಏಳುವಾಗ ಅಡಿಗೆಕಟ್ಟೆಯ ಮೂಲೆ ನೆತ್ತಿಗೆ ಬಡಿದಿತ್ತು. ಎಷ್ಟು ಹೊತ್ತು ಬಿದ್ದಿದ್ದಳೋ ಅವಳಿಗೆ ತಿಳಿಯದು. ಗಂಡ ಮುರುಗೆಪ್ಪ ಅವಳನ್ನು ಕರೆದೊಯ್ದು ಸ್ಕ್ಯಾನ್ ಮಾಡಿಸಿದ. ಏನೂ ಇರಲಿಲ್ಲ. ಅಂದಿನಿಂದ ಬೆಳಕು ಕಂಡರೆ ಕಣ್ಣು ನೋಯುತ್ತಿತ್ತು, ಕುಕ್ಕರಿನ ಸೀಟಿಗೆ ಎದೆ ಹಾರುತ್ತಿತ್ತು. ನಾಲ್ಕು ದಿನ ಕತ್ತಲಲ್ಲಿ ಮಲಗಿದರೆ ಸಾಕೆನಿಸುತ್ತಿತ್ತು. ಕೇಳಿಯೂ ನೋಡಿದ್ದಳು.

"ನಾರ್ಮಲ್ ಅದ ಅಂತ ಬರದ ಕೊಟ್ಟಾರ," ಎಂದಿದ್ದ ಮುರುಗೆಪ್ಪ. "ಕಾಲೇಜಿನ್ಯಾಗ ನಾಟಕ ಮಾಡಿ ಮಾಡಿ ಮನ್ಯಾಗೂ ಸುರು ಹಚ್ಚಿದೇನು?"

ಅವನು ನಗುತ್ತಲೇ ಹೇಳಿದ್ದ. ಅದಕ್ಕೇ ಅವಳಿಗೆ ಜಗಳವಾಡಲೂ ಆಗಲಿಲ್ಲ.

ಹದಿನಾಲ್ಕನೆಯವಳು ಹರ್ಷದಾ, ಹತ್ತಿರದ ಸಾಸವಡ ಊರಿನ ಹುಡುಗಿ. ಪರೀಕ್ಷಕಿ ಡಾಕ್ಟರ್ ಪಂಕಜಾಕ್ಷಿ ಮೂಲೆಯ ಕುರ್ಚಿಯಲ್ಲಿ ಅಂಕದ ಹಾಳೆ ಹಿಡಿದು ಕೂತಿದ್ದರು. ಹರ್ಷದಾ ಮರಾಠಿಯಲ್ಲಿ ಕೇಳತೊಡಗಿದಳು. ಎಲ್ಲಿ ಬಿದ್ದಿರಿ? ಎಚ್ಚರ ತಪ್ಪಿತ್ತೇ? ಕೊನೆಗೆ, ತಿಂಗಳುಗಳನ್ನು ಕೊನೆಯಿಂದ ಹಿಂದಕ್ಕೆ ಹೇಳಿ.

"ಡಿಸೆಂಬರ್, ನವೆಂಬರ್, ಅಕ್ಟೋಬರ್, ಸೆಪ್ಟೆಂಬರ್..." ಹಾಳೆಯ ಪ್ರಕಾರ ಇಲ್ಲಿ ತಡವರಿಸಬೇಕು. ತಡವರಿಸಿದಳು. ಉಳಿದವರೆಲ್ಲ ಇಲ್ಲಿಗೆ ನಿಲ್ಲಿಸಿ ಉಪದೇಶಕ್ಕೆ ಹೋಗಿದ್ದರು.

"ಅವಸರವಿಲ್ಲ ಮಾವಶಿ, ಇನ್ನೊಮ್ಮೆ ಹೇಳಿ," ಎಂದಳು ಹರ್ಷದಾ, ಚಿಕ್ಕಮ್ಮನನ್ನು ಕರೆಯುವ ಹಾಗೆ.

ಇದಕ್ಕೆ ಹಾಳೆಯಲ್ಲಿ ಉತ್ತರವಿರಲಿಲ್ಲ. ಭಾಮಾ ನಿಜವಾಗಿಯೇ ಹುಡುಕಿದಳು. ಸೆಪ್ಟೆಂಬರಿನ ಹಿಂದೆ ಏನೂ ಇರಲಿಲ್ಲ. ಎರಡು ಸಲ ಮೊದಲಿನಿಂದ ಬಂದಳು, ಎರಡು ಸಲವೂ ಅಲ್ಲೇ ನಿಂತಳು. ಅಳುವುದು ಬೇಡವೆಂದುಕೊಂಡರೂ ಕಣ್ಣು ತುಂಬಿತು.

ಹರ್ಷದಾ ಎದ್ದು ಹೋಗಿ ಟ್ಯೂಬ್‌ಲೈಟ್ ಆರಿಸಿದಳು.

"ಏನು ಮಾಡುತ್ತಿದ್ದೀ? ಅದಕ್ಕೆ ಅಂಕವಿಲ್ಲ," ಎಂದರು ಪಂಕಜಾಕ್ಷಿ. "ಎರಡೇ ನಿಮಿಷ ಉಳಿದಿದೆ."

"ಮೇಡಂ, ಇವರು ನಟಿಸುತ್ತಿಲ್ಲ."

ಪಂಕಜಾಕ್ಷಿ ಪೆನ್ನು ಕೆಳಗಿಟ್ಟರು. ಹುಡುಗಿಯನ್ನು ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ ಬಂದರು. ಅವರದು ಮೈಸೂರಿನ ಕನ್ನಡ.

"ನಿಜವಾಗ್ಲೂ ಬಿದ್ರಾ ಭಾಮಾ?"

"ಹೌದ್ರಿ. ಹತ್ತ ದಿನಾ ಆತ್ರಿ."

"ನಂಗ್ಯಾಕೆ ಹೇಳ್ಲಿಲ್ಲ?"

"ಸ್ಕ್ಯಾನ್ ನಾರ್ಮಲ್ ಬಂತ್ರಿ. ಮತ್ತೇನಂತ ಹೇಳ್ಲಿ?"

ಸ್ಕ್ಯಾನ್‌ನಲ್ಲಿ ಕಾಣದಿದ್ದರೂ ಮಿದುಳು ನೊಂದಿರಬಹುದು ಎಂದು ಪ್ರತಿ ವರ್ಷ ಪಾಠ ಹೇಳುವವರು ಪಂಕಜಾಕ್ಷಿಯೇ. ಅವರು ಭಾಮಾಳ ಕಣ್ಣಿಗೆ ಟಾರ್ಚು ಹಿಡಿದರು, ತಮ್ಮ ಬೆರಳನ್ನು ಅವಳಿಂದ ಒತ್ತಿ ಹಿಡಿಸಿದರು, ಒಂಟಿ ಕಾಲಲ್ಲಿ ನಿಲ್ಲಿಸಿದರು. ಭಾಮಾ ವಾಲಿದಳು.

"ಹೆದರೋಂಥದ್ದೇನಿಲ್ಲ. ಆದ್ರೆ ನೀವು ಇವತ್ತು ಕೆಲಸಕ್ಕೆ ಬರಲೇಬಾರದಿತ್ತು." ಅವರ ಕಣ್ಣು ಗಡಿಯಾರದ ಕಡೆ ಹೋಯಿತು. ಹೊರಗೆ ಇನ್ನೂ ಒಂಬತ್ತು ಜನ ಕಾಯುತ್ತಿದ್ದರು.

ಆ ನೋಟ ಭಾಮಾಗೆ ಗೊತ್ತು. ಮನೆಯಲ್ಲಿ, ಬಸ್ಸಿನಲ್ಲಿ, ಇಲ್ಲಿ, ಆ ನೋಟ ಕಂಡೊಡನೆ ಅವಳ ಬಾಯಿಂದ 'ಇರ್ಲಿ ಬಿಡ್ರಿ' ಬರುತ್ತಿತ್ತು.

"ನನಗ ಆಗೂದಿಲ್ರಿ ಮೇಡಂ," ಎಂದಳು.

ಪಂಕಜಾಕ್ಷಿ ಮೊಬೈಲ್ ತೆಗೆದು ಸಹೋದ್ಯೋಗಿಗೆ ಫೋನು ಮಾಡಿದರು. "ಪ್ರಾಚಿ, ಅಂಕ ಹಾಕೋಕೆ ನೀವು ಬನ್ನಿ. ಪೇಷೆಂಟ್ ನಾನಾಗ್ತೀನಿ." ಬಿಳಿ ಕೋಟು ಕಳಚಿ ಕುರ್ಚಿಗೆ ಹಾಕಿದರು. ಪರೀಕ್ಷೆಗೆಂದು ಭಾಮಾಳ ತಲೆಗೆ ಸುತ್ತಿದ್ದ ಪಟ್ಟಿಯನ್ನು ತಾವೇ ಬಿಚ್ಚಿ ಕಟ್ಟಿಕೊಂಡರು. ಒಂದು ವಾರದ ರಜೆಗೆ ಚೀಟಿ ಬರೆದರು.

ಗೊಂಬೆಗಳನ್ನಿಡುವ ಒಳಕೋಣೆಯಲ್ಲಿ ನಿಂತು ಭಾಮಾ ಮನೆಗೆ ಫೋನು ಮಾಡಿದಳು.

"ಒಂದ ವಾರಾ ಮಲಗ್ಬೇಕಂತರಿ. ಡಾಕ್ಟರ್ ಬರದ ಕೊಟ್ಟಾರ."

"ಒಂದ ವಾರಾ?" ಮುರುಗೆಪ್ಪ ಗಾಬರಿಯಾದ. "ಮತ್ತ ಮನೀ ಕೆಲಸ ಹೆಂಗ?"

ಪ್ರತಿ ಸಲವೂ ಇಂಥ ಪ್ರಶ್ನೆಗೆ ಅವಳಲ್ಲಿ ಉತ್ತರ ತಯಾರಿರುತ್ತಿತ್ತು. ಮೇಲಿನ ಮನೆಯವರನ್ನು ಕೇಳುವುದು, ಚಪಾತಿ ಮಾಡಿಟ್ಟು ಮಲಗುವುದು. ಈಗ ಯೋಚಿಸಲಿಕ್ಕೂ ತ್ರಾಣವಿರಲಿಲ್ಲ.

"ಗೊತ್ತಿಲ್ರಿ," ಎಂದಳು.

ಅವನು ಇನ್ನೇನೋ ಕೇಳುತ್ತಿದ್ದ. ಭಾಮಾ ಫೋನನ್ನು ಕಪಾಟಿನ ಮೇಲಿಟ್ಟು, ಕಿಟಕಿಯ ಪರದೆ ಎಳೆದು, ಗೊಂಬೆಗಳನ್ನು ಮಲಗಿಸುವ ರೆಕ್ಸಿನ್ ಹಾಸಿಗೆಯ ಮೇಲೆ ಮಲಗಿದಳು.