ಹಾರ್ಡ್‌ಡಿಸ್ಕಿನ ಪ್ರಮಾಣಪತ್ರ

ನೋಟರಿ ಮೇಡಂ ತಮ್ಮ ಮೊಹರಿನ ಕೆಳಗೆ ಈವರೆಗೆ ಒಂದು ಸುಳ್ಳನ್ನೂ ಮಲಗಗೊಟ್ಟವರಲ್ಲ. ಒಡಹುಟ್ಟಿದ ತಮ್ಮನೇ ತನ್ನ ಮದುವೆಯ ಅರ್ಜಿಯಲ್ಲಿ ಎತ್ತರಕ್ಕೆ ಒಂದು ಇಂಚು ಸೇರಿಸಿಕೊಂಡಾಗ ಟೇಪು ಹಿಡಿದು ಅಳೆದು, ಅರ್ಜಿಯನ್ನೂ ಸಂಬಂಧವನ್ನೂ ಒಟ್ಟಿಗೇ ಮುರಿದಿದ್ದರು. ಆ ತಮ್ಮ ಅಕ್ಕನ ಕಚೇರಿಯಲ್ಲೇ ಬೆರಳಚ್ಚುಗಾರ, ಈಗಲೂ ಒಂಟಿ.

ಇಂಥ ಕಚೇರಿಯ ಹಳೇ ಕಂಪ್ಯೂಟರಿನ ಹಾರ್ಡ್‌ಡಿಸ್ಕು ಒಂದು ಬೆಳಿಗ್ಗೆ ಕಟಕಟ ಹಲ್ಲು ಕಡಿಯತೊಡಗಿತು. ಅದರೊಳಗೆ ಇಪ್ಪತ್ತೆರಡು ವರ್ಷಗಳ ನೋಂದಣಿ. ಅದನ್ನು ಓದಬಲ್ಲ ಪ್ರೋಗ್ರಾಂ ಬರೆದವನು ತೀರಿಕೊಂಡಿದ್ದ. ಪ್ರೋಗ್ರಾಮೋ, ಹೊಸ ಕಂಪ್ಯೂಟರುಗಳ ಮುಖ ಕಂಡರಾಗದಂಥದು.

ರಿಪೇರಿಯವನು ತಂದ ಡಿಸ್ಕು ನೂರ ಅರವತ್ತು ಜಿಬಿಯದು.

"ಇದಕ್ಕಿಂತ ಸಣ್ಣದು ಎಲ್ಲೂ ಸಿಗಲಿಲ್ಲ ಮೇಡಂ. ಆದ್ರೆ ನಿಮ್ಮ ಕಂಪ್ಯೂಟರಿಗೆ ಮೂವತ್ತೆರಡರ ಆಚೆ ಎಣಿಸೋಕೆ ಬರಲ್ಲ. ದೊಡ್ಡದು ಕಂಡ್ರೆ ಕಲ್ಲಾಗಿ ಕೂತ್ಬಿಡುತ್ತೆ."

"ಮತ್ತೆ?"

ಅವನು ಅಕ್ಕಿಕಾಳಿನಷ್ಟು ಪ್ಲಾಸ್ಟಿಕ್ ಟೋಪಿಯನ್ನು ಬೆರಳ ತುದಿಯಲ್ಲಿ ತೋರಿಸಿದ. "ಈ ಜಂಪರನ್ನ ಡಿಸ್ಕಿನ ಹಿಂದಿರೋ ಕಡ್ಡಿಗೆ ಸಿಕ್ಕಿಸಿದ್ರೆ ಆಯ್ತು. ನೀನೆಷ್ಟು ಅಂತ ಕೇಳಿದ್ರೆ ಮೂವತ್ತೆರಡೇ ಅನ್ನುತ್ತೆ."

"ಅಂದ್ರೆ ಸುಳ್ಳು ಹೇಳುತ್ತೆ."

"ಸುಳ್ಳು ಅಂತಲ್ಲ ಮೇಡಂ. ವಿನಯ."

"ನನ್ನ ಆಫೀಸಲ್ಲಿ ನಡೆಯಲ್ಲ."

ಕಟ, ಕಟ.

"ಅಕ್ಕಾ, ಅದು ಮಧ್ಯಾಹ್ನದವರೆಗೂ ಬದುಕಲ್ಲ," ಎಂದ ತಮ್ಮ. "ಈ ಸಹಿ ನಿಮ್ಮದೇನಾ ಅಂತ ಯಾರಾದ್ರೂ ಬಂದು ಕೇಳಿದ್ರೆ ಏನು ತೋರಿಸ್ತೀಯ? ನಿನ್ನ ಮುಖಾನಾ?"

ಮೇಡಂ ಕನ್ನಡಕ ತೆಗೆದು ಒರೆಸಿದರು. ಬೆಂಚಿನ ಮೇಲಿದ್ದ ಮೂವರು ಕಕ್ಷಿದಾರರು ಕತ್ತು ಉದ್ದ ಮಾಡಿದರು.

"ಬರ್ಕೋ," ಎಂದರು ಕೊನೆಗೆ. "'ಹಾರ್ಡ್‌ಡಿಸ್ಕ್ ಆದ ನಾನು, ನನ್ನ ನಿಜವಾದ ಅಳತೆ ನೂರ ಅರವತ್ತು ಎಂದು ಪ್ರಮಾಣ ಮಾಡುತ್ತೇನೆ. ಹಿರಿಯರಾದ ಕಂಪ್ಯೂಟರ್ ಅವರು ಗಾಬರಿಯಾಗಬಾರದೆಂಬ ಒಂದೇ ಕಾರಣಕ್ಕೆ ಮೂವತ್ತೆರಡು ಎನ್ನುತ್ತೇನೆ.'"

ತಮ್ಮ ಕಾಗದ ತೆಗೆದು ಕೈಯಲ್ಲೇ ಬರೆದ. "ಸಹಿ ಯಾರು ಹಾಕೋದು?"

ಮೇಡಂ ಡಿಸ್ಕಿನ ಚೀಟಿಯಲ್ಲಿ ಹುಟ್ಟಿದ ವರ್ಷ ನೋಡಿದರು. "ಹದಿನೆಂಟು ತುಂಬಿಲ್ಲ. ಪೋಷಕರು ಹಾಕ್ಬೇಕು."

ಎಲ್ಲರೂ ರಿಪೇರಿಯವನತ್ತ ತಿರುಗಿದರು.

"ನಂಗಿನ್ನೂ ಮದುವೇನೇ ಆಗಿಲ್ಲ ಮೇಡಂ!"

"ಸಾಲಲ್ಲಿ ನನ್ನ ಹಿಂದೆ ನಿಂತ್ಕೊಳಪ್ಪ," ಎಂದ ತಮ್ಮ, ಪೆನ್ನು ಕೊಡುತ್ತ.

ಸಹಿ ಬಿತ್ತು. ಬರೆದದ್ದನ್ನು ಪ್ರಮಾಣ ಮಾಡುವವರಿಗೆ ಓದಿ ಹೇಳುವುದು ನಿಯಮ. ರಿಪೇರಿಯವನು ಡಿಸ್ಕನ್ನು ಅಂಗೈಯಲ್ಲಿಟ್ಟುಕೊಂಡು ಓದಿದ.

"ಒಪ್ಪಿಗೆನಾ?" ಮೇಡಂ ಡಿಸ್ಕನ್ನೇ ಕೇಳಿದರು. ಉತ್ತರವಿಲ್ಲ.

"ಮೌನಂ ಸಮ್ಮತಿ ಲಕ್ಷಣಂ, ಅಕ್ಕಾ."

"ಅದೆಲ್ಲ ಹೆಣ್ಣು ನೋಡೋ ಮನೇಲಿ. ಇಲ್ಲಿ ಬಾಯಿಬಿಟ್ಟು ಹೇಳ್ಬೇಕು."

ರಿಪೇರಿಯವನಿಗೆ ಹೊಳೆಯಿತು. ಬರೀ ಕರೆಂಟಿನ ತಂತಿ ಸಿಕ್ಕಿಸಿ ಸ್ವಿಚ್ ಒತ್ತಿದ. ಡಿಸ್ಕು ಗುಯ್ಯೆಂದು ತಿರುಗಿತು.

"ಇದು ಒಪ್ಪಿದ ದನೀನೇ," ಎಂದು ಬೆಂಚಿನ ಮೇಲಿದ್ದ ಹಿರಿಯರೊಬ್ಬರು ಸಾಕ್ಷಿ ನುಡಿದರು. ಮೇಡಂ ಮೊಹರು ಒತ್ತಿದರು.

ಜಂಪರು ಸೇರಿತು. ಪರದೆಯ ಮೇಲೆ ಮೂವತ್ತೆರಡು ಎಂದು ಬಂತು, ಕಂಪ್ಯೂಟರು ನಂಬಿತು. ಹಳೆಯದು ಕಟಕಟಿಸುತ್ತಲೇ ಇಪ್ಪತ್ತೆರಡು ವರ್ಷಗಳನ್ನೂ ಹೊಸದಕ್ಕೆ ಒಪ್ಪಿಸಿ, ಊಟದ ಹೊತ್ತಿಗೆ ಸುಮ್ಮನಾಯಿತು. ಮೇಡಂ ಒಂದೊಂದು ವರ್ಷವನ್ನೂ ತೆರೆದು ನೋಡಿದರು. ಎಲ್ಲವೂ ಇತ್ತು.

ಸಾಕ್ಷಿ ನುಡಿದ ಹಿರಿಯರು ಮೇಜಿನ ಬಳಿ ಬಂದು ಒಂದು ಕಾಗದ ಮುಂದಿಟ್ಟರು.

"ಕೆಲಸದ ಅರ್ಜಿ ಮೇಡಂ. ನಂಗೆ ಐವತ್ತೆಂಟು. ಕೆಲಸ ಕೊಡೋರಿಗೆ ನಲವತ್ತರ ಆಚೆ ಅಂದ್ರೆ ಗಾಬರಿಯಾಗುತ್ತಂತೆ."

ಮೇಡಂ ಅವರ ಮುಖ ನೋಡಿದರು. ಪರದೆಯನ್ನೂ ಒಮ್ಮೆ ನೋಡಿದರು.

"ಎರಡೂ ವಯಸ್ಸು ಬರೀರಿ," ಎಂದರು. "ಯಾಕೆ ಅನ್ನೋದು ಸ್ಪಷ್ಟವಾಗಿರ್ಲಿ."