ಬಾಗಿಲ ಪಕ್ಕದ ಚುಕ್ಕೆ

ಆ ಒಂದು ಚುಕ್ಕೆ ಮೊಂಡು ಹಿಡಿದಿತ್ತು. ಉಳಿದ ಏಳು ಚುಕ್ಕೆಗಳು ಗೆರೆಯ ಅಕ್ಕಪಕ್ಕ ಒಳ್ಳೆಯ ಮಕ್ಕಳ ಹಾಗೆ ಮಲಗಿದ್ದರೆ ಇದೊಂದು ಮಾತ್ರ ಮೇಲೆ ಹತ್ತಿ ಕೂತು ಅವಳನ್ನೇ ದುರುಗುಟ್ಟಿ ನೋಡುತ್ತಿತ್ತು.

ಆ ಕಟ್ಟಡದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ‘ಗೆರೆ ಮೇಡಂ’ ಎಂದೇ. ಹೊಸ ಮಾತ್ರೆಯನ್ನು ಮೊದಲ ಸಲ ಮನುಷ್ಯರಿಗೆ ಕೊಟ್ಟು ನೋಡುವಾಗ, ರಕ್ತದಲ್ಲಿ ಮದ್ದು ಏರಿದಂತೆಲ್ಲ ಹೃದಯ ಒಂದು ಬಡಿತ ಮುಗಿಸಿ ಮುಂದಿನದಕ್ಕೆ ಅಣಿಯಾಗಲು ಎಷ್ಟು ತಡಮಾಡುತ್ತದೆ ಎಂದು ಲೆಕ್ಕ ಹಾಕಿ, ಒಬ್ಬೊಬ್ಬರಿಗೆ ಒಂದೊಂದು ಚುಕ್ಕೆ ಇಟ್ಟು ಗೆರೆ ಎಳೆಯುವುದು ಅವಳ ಕೆಲಸ. ಗೆರೆ ಮಲಗಿದ್ದರೆ ಮದ್ದು ಸಾಧು, ಎದ್ದರೆ ಅಪಾಯ. ಈ ಸಲ ಮಲಗಿತ್ತು. ಸಂಜೆಯೊಳಗೆ ಅವಳು ಸಹಿ ಹಾಕಿದರೆ ನಾಳೆ ಬೆಳಿಗ್ಗೆ ಬೇರೆ ಎಂಟು ಜನರಿಗೆ ಎರಡರಷ್ಟು ಮದ್ದು.

ಮೊಂಡು ಚುಕ್ಕೆ ಬಾಗಿಲ ಪಕ್ಕದ ಮಂಚದವನದು. ಅವನ ಹೃದಯದಲ್ಲೇ ಏನೋ ಐಬಿದೆ, ಆ ಚುಕ್ಕೆ ಬಿಟ್ಟುಬಿಡಿ ಎಂದು ವಾರ್ಡಿನ ಡಾಕ್ಟರು ಹೇಳಿದ್ದರು. ತಲೆಯಾಡಿಸಿ ಮನೆಗೆ ಹೋಗಲು ಅವಳಿಗೂ ಆಸೆಯೇ. ಆದರೆ ಮೂರು ಸಲ ತಪಾಸಣೆ ಮಾಡಿ ಸೇರಿಸಿಕೊಂಡ ಹೃದಯ ಒಂದೇ ಬೆಳಿಗ್ಗೆಗೆ ಕೆಟ್ಟಿತೆಂದರೆ ನಂಬುವುದು ಹೇಗೆ?

ಇಸಿಜಿ ಪಟ್ಟಿಗಳ ಕಟ್ಟನ್ನೇ ತರಿಸಿಕೊಂಡಳು. ಪಟ್ಟಿಯ ಮೂಲೆಯಲ್ಲಿ ಯಂತ್ರ ಅಚ್ಚುಮಾಡುವ ಸಮಯವನ್ನು ಯಾರೂ ನೋಡುತ್ತಿರಲಿಲ್ಲ. ಬ್ಯಾಟರಿ ಬದಲಿಸಿದಂದಿನಿಂದ ಅದರ ಗಡಿಯಾರಕ್ಕೆ ತಲೆ ಕೆಟ್ಟು, ಅದರ ಪಾಲಿಗೆ ಇನ್ನೂ ಆರು ವರ್ಷದ ಹಿಂದಿನ ಚಳಿಗಾಲವೇ ನಡೆಯುತ್ತಿತ್ತು. ಹಾಗಾಗಿ ಲೆಕ್ಕಕ್ಕೆಲ್ಲ ಫಾರಂನಲ್ಲಿ ಮೊದಲೇ ಅಚ್ಚಾದ ವೇಳೆಯೇ ಗತಿ. ಆದರೆ ಗಡಿಯಾರ ಹೇಳುವ ಹೊತ್ತು ಸುಳ್ಳಾದರೂ ಎರಡು ಪಟ್ಟಿಗಳ ನಡುವಿನ ಅಂತರ ಸುಳ್ಳಾಗುವುದಿಲ್ಲವಲ್ಲ!

ಮಂಚದ ಸಾಲಿನಲ್ಲಿ ಬಾಗಿಲ ಕಡೆಯಿಂದ ಶುರುಮಾಡಿ ಹನ್ನೆರಡು ನಿಮಿಷಕ್ಕೊಬ್ಬರಂತೆ ಮಾತ್ರೆ ಕೊಟ್ಟಿದ್ದರು. ಪಟ್ಟಿಗಳೂ ಹನ್ನೆರಡು ನಿಮಿಷಕ್ಕೊಂದು ಬರಬೇಕು. ಮಾತ್ರೆ ನುಂಗುವ ಮುಂಚಿನವು ಹಾಗೇ ಇದ್ದವು. ನುಂಗಿ ಎರಡು ಗಂಟೆಯಾದ ಮೇಲಿನವುಗಳಲ್ಲಿ ಮಾತ್ರ, ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಐವತ್ತೆರಡು ನಿಮಿಷ. ಅಂದರೆ ಬಾಗಿಲ ಪಕ್ಕದವನೊಬ್ಬನದು ಬಿಟ್ಟು ಉಳಿದ ಏಳೂ ನಲವತ್ತು ನಿಮಿಷ ತಡ. ರಕ್ತ ತೆಗೆಯುವ ನರ್ಸು ಮಾತ್ರ ಹೇಳಿದ ಹೊತ್ತಿಗೇ ತೆಗೆದಿದ್ದಳು. ಬೇಗ ಏರಿ ಬೇಗ ಇಳಿಯುವ ಮದ್ದು ಅದು. ಏರಿದಾಗಿನ ರಕ್ತಕ್ಕೆ ಇಳಿದ ಮೇಲಿನ ಹೃದಯವನ್ನು ಗಂಟುಹಾಕಿದರೆ ಗೆರೆ ಮಲಗದೆ ಇನ್ನೇನು ಮಾಡೀತು? ಎಂಟರಲ್ಲಿ ನಿಜ ಹೇಳುತ್ತಿದ್ದುದು ಆ ಮೊಂಡು ಚುಕ್ಕೆಯೊಂದೇ.

ಫಾರಂಗಳ ಕೆಳಗಿನ ಸಹಿ ನೋಡಿದಳು. ಅದು ಅತ್ತೆಯದು. ಇಸಿಜಿ ತೆಗೆಯುವ ಅತ್ತೆ ಇಡೀ ವಾರ್ಡಿಗೇ ಅತ್ತೆ. ಇವಳಿಗೆ ಮಾತ್ರ ಅಪ್ಪನ ಒಡಹುಟ್ಟಿದ ತಂಗಿ, ಜಡೆ ಹೆಣೆದು, ಮಗ್ಗಿ ಬಾಯಿಪಾಠ ಮಾಡಿಸಿ ಇವಳನ್ನು ದೊಡ್ಡವಳು ಮಾಡಿದವರು. ತಪ್ಪು ವೇಳೆಗೆ ಸಹಿ ಹಾಕಿದವರನ್ನು ಅಲ್ಲಿ ಒಂದು ದಿನವೂ ಇಟ್ಟುಕೊಳ್ಳುತ್ತಿರಲಿಲ್ಲ.

ಕೆಳಗೆ ಹೋದಾಗ ಅತ್ತೆ ಯಂತ್ರದ ವೈರುಗಳನ್ನು ಒರೆಸುತ್ತಿದ್ದರು. ಕೇಳಿದ್ದಕ್ಕೆ ಏನನ್ನೂ ಮುಚ್ಚಿಡಲಿಲ್ಲ. ಪಟ್ಟಿ ತೆಗೆದ ಕೂಡಲೇ ಬಾಗಿಲ ಪಕ್ಕದ ಹುಡುಗನಿಗೆ ತಲೆಸುತ್ತು ಬಂದು ಮೈಯೆಲ್ಲ ಬೆವೆತಿತ್ತಂತೆ. ಡಾಕ್ಟರು ಮೀಟಿಂಗ್ ಬಿಟ್ಟು ಬರುವುದರೊಳಗೆ ನಲವತ್ತು ನಿಮಿಷ ಕಳೆದಿತ್ತು.

“ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡಿದ್ದ ಕಣೇ. ಬಿಡಿಸ್ಕೊಂಡು ಹೋಗೋಕೆ ಮನಸ್ಸು ಬರಲಿಲ್ಲ. ಫಾರಂನಲ್ಲಿ ಟೈಮ್ ಅಚ್ಚಾಗೇ ಇತ್ತು, ಸಹಿ ಹಾಕ್ಬಿಟ್ಟೆ.”

ನಾಳೆಯ ಎಂಟು ಜನರ ವಿಷಯ ಹೇಳಿದಾಗ ಅತ್ತೆಯ ಕೈ ನಿಂತಿತು. ಇವಳಿಗೆ ಸಂಕಟವಾಯಿತು. ಆ ಸಂಕಟದಲ್ಲಿ, ತನಗೇ ನಾಚಿಕೆಯಾಗುವಂಥ ಮಾತೊಂದು ಬಾಯಿಂದ ಬಂತು.

“ಯಂತ್ರದ ಮೇಲೆ ಹಾಕಿಬಿಡೋಣ ಅತ್ತೆ. ಅದರ ಗಡಿಯಾರ ಹೇಗೂ ಕೆಟ್ಟಿದೆ.”

“ಪಾಪ, ನಿಜ ಹೇಳಿದ್ದು ಅದೊಂದೇ,” ಎಂದರು ಅತ್ತೆ. “ಪೆನ್ನು ಕೊಡು.”

ಏಳು ಫಾರಂಗಳಲ್ಲೂ ಅಚ್ಚಾದ ವೇಳೆಯ ಮೇಲೆ ಒಂದೊಂದು ಗೆರೆ ಎಳೆದು, ಪಕ್ಕದಲ್ಲಿ ನಿಜವಾದ ವೇಳೆ ಬರೆದು, ತಡವಾದ ಕಾರಣವನ್ನೂ ಬರೆದು, ದುಂಡಗೆ ಸಹಿ ಹಾಕಿದರು. ಗೆರೆ ಮೇಡಂ ಮೇಲೆ ಹೋಗಿ, ಆಯಾ ಹೊತ್ತಿಗೆ ರಕ್ತದಲ್ಲಿ ಮದ್ದು ಎಷ್ಟಿದ್ದಿರಬೇಕೆಂದು ಲೆಕ್ಕ ಹಾಕಿ ಮತ್ತೆ ಗೆರೆ ಎಳೆದಳು. ಗೆರೆ ಎದ್ದು ನೇರವಾಗಿ ಆ ಮೊಂಡು ಚುಕ್ಕೆಯ ಕಡೆಗೆ ಹೋಯಿತು. ಅವಳು ಅತ್ತುಬಿಟ್ಟಳು. ಆಮೇಲೆ ಮುಖ ತೊಳೆದುಕೊಂಡು ವರದಿ ಕಳಿಸಿದಳು. ಐದು ಗಂಟೆಗೆ ನಾಳೆಯ ಮಾತ್ರೆ ರದ್ದಾಯಿತು. ಐದೂವರೆಗೆ ಅತ್ತೆಯನ್ನು ಆಫೀಸಿಗೆ ಕರೆಸಿ, ಕೊರಳಲ್ಲಿದ್ದ ಗುರುತಿನ ಚೀಟಿ ಇಸಿದುಕೊಂಡರು.

ಅತ್ತೆ ಕೈಚೀಲ ತೆಗೆದುಕೊಳ್ಳಲು ವಾರ್ಡಿಗೆ ಬಂದವರು ಬಾಗಿಲ ಪಕ್ಕದ ಮಂಚದ ಬಳಿ ನಿಂತರು. ಹೃದಯದ ಕಾಯಿಲೆಯಿರಬಹುದು ಎಂದು ಕೇಳಿದಾಗಿನಿಂದ ಅವನು ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿದ್ದ.

“ನಿನ್ನ ಹೃದಯಕ್ಕೆ ಏನೂ ಆಗಿಲ್ಲಪ್ಪ,” ಎಂದರು. “ಅದು ಮದ್ದಿನ ಕೆಲಸ. ಸರಿಯಾದ ಹೊತ್ತಿಗೆ ನೋಡಿದ್ದು ನಿನ್ನದೊಂದನ್ನೇ. ಉಳಿದವರದ್ದು ನಾನು ತಡ ಮಾಡ್ಬಿಟ್ಟೆ.”

ಅವನು ಎದ್ದು ಕೂತ. ಅತ್ತೆಯ ಬರಿದಾದ ಕೊರಳನ್ನು ನೋಡಿದ, ಬಾಗಿಲಲ್ಲಿ ನಿಂತಿದ್ದ ಅಣ್ಣನ ಮಗಳ ಕೆಂಪು ಕಣ್ಣುಗಳನ್ನೂ ನೋಡಿದ.

“ನನ್ನ ಹತ್ರ ಕೂತಿದ್ದಕ್ಕಾ?”

ಅತ್ತೆ ಅವನ ಹೊದಿಕೆ ಸರಿಪಡಿಸಿದರು. ಅವನು ಕೈ ಚಾಚಿ ಅವರ ಕೈ ಹಿಡಿದುಕೊಂಡ. ಅವರು ಮಂಚದ ಅಂಚಿನಲ್ಲಿ ಕೂತರು. ಇವತ್ತು ಅವರಿಗೆ ಇನ್ನೊಂದು ಮಂಚಕ್ಕೆ ಹೋಗಬೇಕಾದ ಅವಸರವೇನೂ ಇರಲಿಲ್ಲ.